ಅಣ್ಣ ಆರಿಸಿದ ಎರಡನೆಯ ಮೋಟಾರು

ಅಣ್ಣನ ಹೆಂಡತಿ, ನಮ್ಮ ವೈನಿ, ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಒಂದು ಮುಂಜಾನೆ ಅಣ್ಣ ರೊಟ್ಟಿ ಮುರಿಯುತ್ತ, ಯಾರ ಮುಖವನ್ನೂ ನೋಡದೆ, "ಇನ್ನೊಂದು ಮೋಟಾರು ನೋಡಬೇಕು" ಎಂದ. ಅವ್ವ ಒಲೆಯ ಮುಂದೆ ಕೂತಿದ್ದಳು. ತಟ್ಟುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಕೈಯ ಹಿಟ್ಟು ಕೊಡವಿದಳು.

"ಯಾವ ನಮೂನಿದು?"

"ಮೊದಲಿನಂಥದ. ಮ್ಯಾಲಿನ ಹೊದಿಕಿ ಮಡಚೂವಂಥದು. ಆದರ ಅದಕ್ಕಿಂತ ಜೋರಿಂದು."

ಅವ್ವ ಎದ್ದು ಹಿತ್ತಲಿಗೆ ಹೋದಳು. ಹಂಚಿನ ಮೇಲಿದ್ದ ರೊಟ್ಟಿ ಸೀಯತೊಡಗಿತು. ನಾನು ಅದನ್ನು ತೆಗೆದು ಪಕ್ಕಕ್ಕಿಟ್ಟೆ. ಅಣ್ಣ ತಲೆ ತಗ್ಗಿಸಿಯೇ ಊಟ ಮುಗಿಸಿ ಪೇಟೆಗೆ ಹೊರಟುಹೋದ.

ನಮ್ಮ ಮನೆ ಹುಬ್ಬಳ್ಳಿಯಲ್ಲಿ, ಕಮರಿಪೇಟೆಗೆ ಹೊಂದಿಕೊಂಡ ಒಂದು ಓಣಿಯಲ್ಲಿತ್ತು. ಅಣ್ಣನದು ಹತ್ತಿಯ ವ್ಯಾಪಾರ. ನಾನು ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮಾಸ್ತರಿಣಿ. ಹದಿನಾಲ್ಕನೆಯ ವಯಸ್ಸಿಗೆ ನನ್ನ ಗಂಡ ಪ್ಲೇಗಿಗೆ ಬಲಿಯಾಗಿ, ನಾನು ಒಂದು ಟ್ರಂಕಿನೊಂದಿಗೆ ತವರಿಗೆ ವಾಪಸು ಬಂದಿದ್ದೆ. ಮೂಲೆಯಲ್ಲಿ ಕೂತವಳನ್ನು ಎಬ್ಬಿಸಿದವಳು ವೈನಿ. ಅವಳೇ ಆಗ ಈ ಮನೆಗೆ ಬಂದು ವರ್ಷವೂ ಆಗಿರಲಿಲ್ಲ. "ಈಕಿ ಸಾಲಿಗೆ ಹೋಗಲಿ, ಇಲ್ಲಾಂದ್ರ ನಾನೂ ಈಕಿ ಸಂಗಾಟ ಇದ ಮೂಲ್ಯಾಗ ಕೂಡತೀನಿ" ಎಂದು ಅವ್ವನ ಎದುರು ಹೇಳಿದಳಂತೆ. ಎರಡು ದಿನ ಹಾಗೆ ಕೂತಳು ಕೂಡ. ಮೂರನೆಯ ದಿನ ಅಣ್ಣ ನನಗೆ ಪಾಟಿ ತಂದುಕೊಟ್ಟ. ನಾನು ಓದಿದ್ದು, ಟ್ರೇನಿಂಗ್ ಕಾಲೇಜಿಗೆ ಹೋದದ್ದು, ಪಗಾರ ತಂದದ್ದು, ಎಲ್ಲದರ ಹಿಂದೆ ಆ ಎರಡು ದಿನಗಳಿದ್ದವು.

ಅಣ್ಣನ ಮೊದಲ ಮೋಟಾರು ಹಸಿರು ಬಣ್ಣದ್ದು. ತಲೆಯ ಮೇಲೆ ಕಮಾನಿಗೆ ಬಿಗಿದ ಕ್ಯಾನ್ವಾಸಿನ ಹೊದಿಕೆ. ಬೇಡವಾದರೆ ಹಿಂದಕ್ಕೆ ಮಡಚಿ ಇಡಬಹುದು. ಗಾಜಿನ ಕಿಟಕಿಗಳಿರಲಿಲ್ಲ. ಮಳೆ ಬಂದರೆ ಎರಡೂ ಮಗ್ಗುಲಿಗೆ ಕ್ಯಾನ್ವಾಸಿನ ಪರದೆ ಇಳಿಬಿಟ್ಟು, ಹೊರಗಿನಿಂದ ಹಿತ್ತಾಳೆಯ ಗುಂಡಿಗಳನ್ನು ತಿರುವಿ ಬಿಗಿಯಬೇಕು. ಅದು ಷೋಕಿಯ ಗಾಡಿ ಎಂದು ಓಣಿಯವರು ಅಂದುಕೊಂಡಿದ್ದರು. ಆದರೆ ಅಣ್ಣನಿಗೆ ಅದು ದಿನನಿತ್ಯದ ಗಾಡಿ. ಮುಂಜಾನೆ ಹುಬ್ಬಳ್ಳಿಯ ಪೇಟೆ, ಶಾಲೆಯ ಹೊತ್ತಿಗೆ ಧಾರವಾಡ, ಆಮೇಲೆ ಎರೆಭೂಮಿಯ ಹಳ್ಳಿಗಳು. ಬೇರೆಯವರಿಗಿಂತ ಮೊದಲು ಹೋಗಿ ಹತ್ತಿಯ ಎಳೆಯನ್ನು ಬೆರಳಿನಲ್ಲಿ ಹಿಂಜಿ ನೋಡಿದವನಿಗೇ ಒಳ್ಳೆಯ ಮಾಲು. ಧಾರವಾಡದ ತನಕ ನಾನೂ ಜೊತೆಗಿರುತ್ತಿದ್ದೆ. ವೈನಿ ಮೊದಲ ದಿನ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತವಳು, ತಿಂಗಳೊಪ್ಪತ್ತಿನಲ್ಲಿ "ಹೊದಿಕಿ ಹಿಂದಕ ಹಾಕ್ರಿ, ಗಾಳಿ ಬರಲಿ" ಎನ್ನತೊಡಗಿದಳು.

ಅವಳ ತವರು ಉಪ್ಪಿನಬೆಟಗೇರಿ. ತಂದೆಗೆ ಜಡ್ಡು ಎಂದು ಮಳೆಗಾಲದಲ್ಲಿ ಅಲ್ಲಿಗೆ ಹೋಗಿದ್ದಳು. ಎಂಟು ದಿನದ ಮೇಲೆ ಅಣ್ಣ ಕರೆತರಲು ಹೋದ. ಮರಳಿ ಬರುವಾಗ ದಾರಿಯಲ್ಲಿ ಹಳ್ಳ ತುಂಬಿ ಬಂದಿತ್ತು. ಅಲ್ಲಿ ಸೇತುವೆ ಇಲ್ಲ. ಹಳ್ಳದ ಪಾತ್ರದಲ್ಲಿ ಕಲ್ಲು ಹಾಸಿದ್ದಾರೆ, ಅದರ ಮೇಲೆಯೇ ದಾಟಬೇಕು. ನಡುವೆ ಮೋಟಾರು ನಿಂತುಬಿಟ್ಟಿತು. ನೀರು ಅದನ್ನು ಕಲ್ಲಿನಿಂದ ಜಾರಿಸಿ ಎಡಮಗ್ಗುಲಿಗೆ ಕೆಡವಿತು. ಕೈ ಹೊರಗೆ ಚಾಚಿ ಸನ್ನೆ ಮಾಡಬೇಕೆಂದು ಅಣ್ಣ ತನ್ನ ಮಗ್ಗುಲಿನ ಪರದೆ ಹಾಕಿರಲಿಲ್ಲ. ಅವನು ಆ ಕಡೆಯಿಂದ ಹೊರಬಿದ್ದ. ವೈನಿಯ ಮಗ್ಗುಲಿನ ಪರದೆ ಬಿಗಿದಿತ್ತು.

ಕುರಿ ಕಾಯುವವರು ಅಣ್ಣನನ್ನು ಅರ್ಧ ಹರದಾರಿ ಕೆಳಗೆ ದಂಡೆಯ ಮೇಲೆ ಕಂಡರು. ಬಲಗೈಯ ಮೂರು ಉಗುರು ಕಿತ್ತುಹೋಗಿದ್ದವು. ನೀರು ಇಳಿದ ಮೇಲೆ ಮೋಟಾರು ಸಿಕ್ಕಿತು, ಅದರೊಳಗೆ ವೈನಿ. ಗುಂಡಿಗಳೆಲ್ಲ ಹಾಕಿದ ಹಾಗೆಯೇ ಇದ್ದವು ಎಂದು ಊರ ಗೌಡರು ಪಂಚನಾಮೆಯಲ್ಲಿ ಬರೆಸಿದರು. ಅಲ್ಲೇ ಮಣ್ಣು ಮಾಡೋಣವೆಂಬ ಅವಳ ತವರಿನವರ ಮಾತಿಗೆ ಒಪ್ಪದೆ ಅವ್ವ ಅವಳನ್ನು ಹುಬ್ಬಳ್ಳಿಗೇ ತರಿಸಿ, ನಮ್ಮ ಹೊಲದಲ್ಲಿ ಮಣ್ಣು ಮಾಡಿಸಿದಳು.

ಆ ನಾಲ್ಕು ತಿಂಗಳು ಅಣ್ಣ ರೈಲಿನಲ್ಲಿ ತಿರುಗಿದ್ದ. ವ್ಯಾಪಾರ ಅರ್ಧಕ್ಕೆ ಇಳಿದಿತ್ತು. ಮೋಟಾರು ಬೇಕೆಂದದ್ದು ತಪ್ಪಲ್ಲ; ಮತ್ತೆ ಅಂಥದೇ ಏಕೆ ಎಂಬುದು ಯಾರಿಗೂ ತಿಳಿಯಲಿಲ್ಲ. ಸೋದರಮಾವ ಮನೆಗೆ ಬಂದು ಸಮಾಧಾನದಿಂದ ಹೇಳಿನೋಡಿದರು.

"ತಮ್ಮಾ, ಗಟ್ಟಿ ತಗಡಿನ ಛತ್ತ ಇದ್ದದ್ದು ತಗೋ. ಗಾಜಿನ ಕಿಡಕಿ, ಛಲೋ ಬಾಗಿಲಾ. ಮಂದಿ ಏನಂತಾರ ಅನ್ನೂದರ ನೋಡು."

"ನೋಡೂಣ್ರಿ ಮಾಮಾ" ಎಂದ ಅಣ್ಣ. ಮರುದಿನ ಮಾವನನ್ನೂ ನನ್ನನ್ನೂ ಕರೆದುಕೊಂಡು ಮೋಟಾರು ಮಾರುವವರ ಷೆಡ್ಡಿಗೆ ಹೋದ.

ಅಲ್ಲಿ ಕಪ್ಪು ಬಣ್ಣದ, ನಾಲ್ಕೂ ಕಡೆ ಮುಚ್ಚಿದ ಗಾಡಿಯೊಂದು ನಿಂತಿತ್ತು. ಮಾರುವವರು ಅದರ ಮೆತ್ತನೆಯ ಗಾದಿಯನ್ನು ಒತ್ತಿ ತೋರಿಸಿದರು. ಅಣ್ಣ ಒಳಗೆ ಕೂತ. ಅವರು ಹೊರಗಿನಿಂದ ಬಾಗಿಲು ಹಾಕಿದರು. ಗಾಜಿನ ಆಚೆ ಅವನ ಮುಖ ಬಿಳಿಚಿದ್ದು ನನಗೆ ಕಂಡಿತು. ಹಿಡಿಕೆಗಾಗಿ ತಡಕಾಡಿದ, ಸಿಗಲಿಲ್ಲ. ಭುಜದಿಂದ ಬಾಗಿಲಿಗೆ ಗುದ್ದತೊಡಗಿದ. ಮಾರುವವರು ಗಾಬರಿಯಾಗಿ ತೆರೆದರು. ಅಣ್ಣ ಗೋಡೆಯ ಮಗ್ಗುಲಿಗೆ ಹೋಗಿ, ಬಾಗಿ ನಿಂತು ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು ಬಂದು, "ಇದು ಬ್ಯಾಡ್ರಿ" ಎಂದಷ್ಟೇ ಹೇಳಿದ. ಮಾವ ಮುಂದೆ ಈ ಮಾತಿಗೆ ಬರಲಿಲ್ಲ.

ಅಂದು ಟಾಂಗಾದಲ್ಲಿ ಮನೆಗೆ ಬರುವಾಗ ಅಣ್ಣ ನನಗೆ ಹೇಳಿದ: "ಆ ಹಸಿರು ಗಾಡಿದು ಎರಡು ತಪ್ಪು ಇದ್ದೂವು. ಇಂಜಿನದಾಗ ಜೋರು ಇರಲಿಲ್ಲ. ಇದ್ದಿದ್ದರ ದಾಟತಿತ್ತು. ಪರದೇದ ಗುಂಡಿ ಲಗೂ ಬಿಚ್ಚತಿರಲಿಲ್ಲ. ಬಿಚ್ಚಿದ್ದರ ಆಕಿ ಹೊರಗ ಬರತಿದ್ಲು. ಈ ಎರಡೂ ಇಲ್ಲದ ಗಾಡಿ ನನಗ ಬೇಕು."

ನನಗೆ ಅದು ಸರಿಯೆನಿಸಿತು. ಮನೆಗೆ ಬಂದು ಅವ್ವನಿಗೂ ಹಾಗೆಯೇ ತಿಳಿಸಿ ಹೇಳಿದೆ. ತಪ್ಪು ಗಾಡಿಯದು, ಅಣ್ಣನದಲ್ಲ ಎಂದೆ. ಆ ಮಾತನ್ನು ಮುಂದೆ ಎಷ್ಟೋ ಜನರ ಎದುರು, ಎಷ್ಟೋ ವರ್ಷ ಆಡಿದೆ.

ನಾವು ನೋಡಿದ ಎರಡನೆಯ ಗಾಡಿ ಧಾರವಾಡದ ಒಬ್ಬ ಡಾಕ್ಟರರದು. ವಯಸ್ಸಾಗಿ ಹಳ್ಳಿ ತಿರುಗುವುದನ್ನು ನಿಲ್ಲಿಸಿದ್ದರು. ತೆರೆದ ಗಾಡಿ, ಚೆನ್ನಾಗಿ ಇಟ್ಟುಕೊಂಡಿದ್ದರು. ಅಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ನಾನೂ ಅಣ್ಣನ ಜೊತೆ ಹೋಗಿದ್ದೆ. ಡಾಕ್ಟರರು ಇಂಜಿನ್ನಿನ ಮುಚ್ಚಳ ತೆಗೆಯಹೋದರೆ ಅಣ್ಣ ತಡೆದ.

"ಅದು ಆಮ್ಯಾಲ ನೋಡತೀನ್ರಿ. ಮೊದಲ ಪರದೆ ಹಾಕ್ರಿ."

"ಬಿಸಿಲು ಬಿದ್ದೈತೆಲ್ಲೋ" ಎಂದು ಅವರು ನಕ್ಕರು.

ಅಣ್ಣ ನಗಲಿಲ್ಲ. ನನ್ನ ಕಡೆ ತಿರುಗಿ, "ನೀ ಎಡಕ್ಕ ಕೂಡು" ಎಂದ.

ನಾನು ಹತ್ತಿ ಕೂತೆ. ಅವನು ಹೊದಿಕೆ ಎಳೆದ. ಪರದೆಗಳನ್ನು ಇಳಿಬಿಟ್ಟು, ಹೊರಗಿನಿಂದ ಒಂದೊಂದೇ ಗುಂಡಿ ತಿರುವುವ ಸದ್ದು ಕೇಳಿಸಿತು. ಒಳಗೆ ಮಬ್ಬಾಯಿತು. ಹಳೆಯ ಕ್ಯಾನ್ವಾಸಿನ, ಎಣ್ಣೆಯ ವಾಸನೆ. ಪರದೆಗೆ ಹೊಲಿದ ಅಭ್ರಕದ ತುಂಡು ಹಳದಿಗಟ್ಟಿತ್ತು. ಅದರಲ್ಲಿ ಅಣ್ಣನ ಆಕಾರ ಮಾತ್ರ ಕಾಣುತ್ತಿತ್ತು. ಅವನು ಜೇಬಿನಿಂದ ಗಡಿಯಾರ ತೆಗೆದ.

"ಹೂಂ. ಹೊರಗ ಬಾ."

ಆಗ ನನಗೆ ಅವನು ಏನು ಮಾಡುತ್ತಿದ್ದಾನೆಂದು ತಿಳಿಯಿತು. ಗುಂಡಿಗಳಿದ್ದದ್ದು ಹೊರಮೈಯಲ್ಲಿ. ಒಳಗಿನವರು ಸಣ್ಣದೊಂದು ಸೀಳಿನಿಂದ ಕೈ ತೂರಿಸಿ, ತಡವಿ, ತಿರುವಬೇಕು. ಮೊದಲನೆಯದು ಬಿಚ್ಚಿತು. ಎರಡನೆಯದಕ್ಕೆ ಬೆರಳು ಮುಟ್ಟಿತು, ಹಿಡಿತ ಸಿಗಲಿಲ್ಲ. ಬಳೆಯಿಲ್ಲದ ನನ್ನ ಕೈಯೇ ಆ ಸೀಳಿನಲ್ಲಿ ಸಿಕ್ಕಿಕೊಂಡಿತು. ವೈನಿಯ ಕೈಯಲ್ಲಿ ಡಜನ್ ಬಳೆಗಳಿದ್ದವು. ಕಾಲಿನಿಂದ ಒದ್ದೆ. ಕ್ಯಾನ್ವಾಸು ಉಬ್ಬಿ ಮತ್ತೆ ಮೊದಲಿನಂತಾಯಿತು. "ಅಣ್ಣಾ, ತಗೀ" ಎಂದೆ. ಅವನು ತೆಗೆಯಲಿಲ್ಲ. ಆಕಾರ ಅಲ್ಲಾಡಲೂ ಇಲ್ಲ. ಇನ್ನೊಮ್ಮೆ ಕೂಗಿದೆ. ಕೊನೆಗೆ ಡಾಕ್ಟರರು ಬಂದು ಪರದೆ ಬಿಚ್ಚಿದರು.

ನಾನು ಇಳಿದಾಗ ಅಣ್ಣ ಗಡಿಯಾರವನ್ನೇ ನೋಡುತ್ತ ನಿಂತಿದ್ದ. ಕಣ್ಣಿನಿಂದ ನೀರು ಇಳಿದು ಗಲ್ಲದ ತುದಿಗೆ ಬಂದಿತ್ತು; ಒರೆಸಿಕೊಳ್ಳಬೇಕೆಂದು ಅವನಿಗೆ ಹೊಳೆದಿರಲಿಲ್ಲ.

"ಇಷ್ಟೊತ್ತು ಆಕಿ ಒಳಗ..." ಎಂದು ಶುರು ಮಾಡಿ ಬಿಟ್ಟುಬಿಟ್ಟ.

ಡಾಕ್ಟರರು ನಮ್ಮಿಬ್ಬರನ್ನೂ ಪಡಸಾಲೆಗೆ ಕರೆದು ನೀರು ಕೊಟ್ಟರು. "ಎಲ್ಲಾ ಮೋಟಾರಿನ ಪರದೇನೂ ಹಿಂಗ ಇರತಾವ. ನೀನು ಹುಡುಕೂದು ಸಿಗೂದಿಲ್ಲಪಾ" ಎಂದರು. ಗಾಡಿಯ ಮಾತನ್ನು ಅವರೂ ಮತ್ತೆ ಎತ್ತಲಿಲ್ಲ.

ಮೂರನೆಯದು ಸಿಕ್ಕಿದ್ದು ಲಕಮನಹಳ್ಳಿಯ ಕಡೆ. ಒಬ್ಬ ಜಮೀನುದಾರರ ಮಗ ಮುಂಬಯಿಯಿಂದ ತಂದಿದ್ದ ಗಾಡಿ. ಎರಡೇ ಆಸನ, ಉದ್ದನೆಯ ಮೂತಿ, ಮೊಣಕಾಲೆತ್ತರದ ಬಾಗಿಲು. ಕೂತವರ ಸೊಂಟದಿಂದ ಮೇಲಿನದೆಲ್ಲ ಗಾಳಿಗೆ. ಮಡಚುವ ಹೊದಿಕೆ ಇತ್ತು, ಮಗ್ಗುಲಿನ ಪರದೆಗಳೇ ಇರಲಿಲ್ಲ. ಇದು ಪಂದ್ಯದ ಗಾಡಿ, ಗಂಟೆಗೆ ಎಂಬತ್ತು ಮೈಲಿ ಹೋಗುತ್ತದೆ, ಸಂತೆ ಪೇಟೆ ತಿರುಗಲು ಅಲ್ಲ ಎಂದು ಆ ತರುಣನೇ ಎಚ್ಚರಿಸಿದ. ಅಣ್ಣ ಅದನ್ನು ರಸ್ತೆಯಲ್ಲಿ ಓಡಿಸಿ ನೋಡಲೂ ಇಲ್ಲ. ಹಿಂದಿನ ದಿನದ ಮಳೆಗೆ ನೆನೆದ ಎರೆಹೊಲಕ್ಕೆ ಇಳಿಸಿದ. ಗಾಲಿ ಅರ್ಧದ ತನಕ ಹೂತುಹೋದವು. ಇಂಜಿನ್ನು ಒಮ್ಮೆ ಗದ್ದರಿಸಿತು. ಕೆಸರನ್ನು ಆಳೆತ್ತರಕ್ಕೆ ಎರಚುತ್ತ ಗಾಡಿ ಮೇಲೆ ಬಂತು. ಮೈ ಮುಖವೆಲ್ಲ ಕೆಸರಾದ ಅಣ್ಣ ಇಳಿದು, "ಇದ" ಎಂದ.

ಕೊಂಡ ವಾರದಲ್ಲೇ ಹುಬ್ಬಳ್ಳಿಯ ಒಬ್ಬ ಕಮ್ಮಾರನಿಂದ ಹೊದಿಕೆಯ ಕಮಾನುಗಳನ್ನು ಬುಡಸಮೇತ ಕೊಯ್ಯಿಸಿಬಿಟ್ಟ.

ಆ ಗಾಡಿಯಲ್ಲಿ ನಾನು ಐದಾರು ವರ್ಷ ಅವನ ಮಗ್ಗುಲಿಗೆ ಕೂತು ಶಾಲೆಗೆ ಹೋದೆ. ಬೇಸಿಗೆಯಲ್ಲಿ ಧೂಳಿಗೆ ಕಣ್ಣು ಕೆಂಪಾಗುತ್ತಿದ್ದವು. ಮಳೆಗಾಲದಲ್ಲಿ ಹುಬ್ಬಳ್ಳಿ ಬಿಡುವಾಗ ಒಣಗಿದ್ದ ಸೀರೆ ಧಾರವಾಡದ ಜಿಟಿಜಿಟಿಗೆ ತೊಯ್ದು ಮೈಗೆ ಅಂಟುತ್ತಿತ್ತು. ಶಾಲೆಯಲ್ಲಿ ಒಂದು ಒಣ ಸೀರೆ ಇಟ್ಟುಕೊಂಡಿದ್ದೆ. "ರೈಲಿಗೆ ಬರಬಾರದೇನ್ರಿ ಬಾಯಿ?" ಎಂದು ಶಾಲೆಯ ಮುಖ್ಯಸ್ಥೆ ದೊಡ್ಡ ಬಾಯಿಯವರು ಎಷ್ಟೋ ಸಲ ಕೇಳಿದರು. ಅಣ್ಣನೊಬ್ಬನನ್ನೇ ಆ ಗಾಡಿಯಲ್ಲಿ ಬಿಡಲು ನನಗೆ ಮನಸ್ಸಾಗುತ್ತಿರಲಿಲ್ಲ. ಬಯಲು ರಸ್ತೆಯಲ್ಲಿ ಅವನು ಎಷ್ಟು ಜೋರು ಓಡಿಸುತ್ತಿದ್ದನೆಂದರೆ ಮಾತು ಬಾಯಿಂದ ಹೊರಡುವ ಮೊದಲೇ ಹಿಂದೆ ಉಳಿಯುತ್ತಿತ್ತು. ಎಲ್ಲಿಯಾದರೂ ರಸ್ತೆಯ ಮೇಲೆ ನೀರು ಹರಿಯುವುದು ಕಂಡರೆ ಮಾತ್ರ ನಿಲ್ಲಿಸಿ, ಇಳಿದು, ಧೋತರ ಎತ್ತಿ ಆಚೆ ದಂಡೆಯ ತನಕ ನಡೆದು ನೋಡಿ ಬರುತ್ತಿದ್ದ. ಪಾದ ಮುಳುಗುವಷ್ಟು ನೀರಿದ್ದರೂ ಹಾಗೆಯೇ.

ಅವ್ವ ಆ ಗಾಡಿಯನ್ನು ಒಮ್ಮೆಯೂ ಹತ್ತಲಿಲ್ಲ. ಪೇಟೆಯಲ್ಲಿ ಮಾತಿತ್ತು. ಒಮ್ಮೆ ಒಬ್ಬ ದಲಾಲ, ನಾನು ಗಾಡಿಯಲ್ಲಿ ಕೂತಿರುವಾಗಲೇ, ಅಣ್ಣನಿಗೆ ಹೇಳಿದ: "ಹೆಂಡ್ತಿನ್ನ ನೀರಿಗಿ ಕೊಟ್ಟು ಬಂದಾವರು ನೀವು, ಇನ್ನೂ ಇಷ್ಟು ಜೋರು ಹೊಡೀತೀರೆಲ್ಲ." ಅಣ್ಣ ಸಿಟ್ಟಿಗೇಳುತ್ತಾನೆ ಅಂದುಕೊಂಡೆ. ಅವನು "ಹೌದು, ಹೊಡೀತೀನಿ" ಎಂದು ಅಂಗಡಿಯೊಳಗೆ ಹೋದ. ಸಿಟ್ಟಿಗೆದ್ದವಳು ನಾನು. ಆ ದಲಾಲನನ್ನು ಕರೆದು ಇಂಜಿನ್ನು, ಗುಂಡಿ, ಎಲ್ಲವನ್ನೂ ಶಾಲೆಯ ಮಕ್ಕಳಿಗೆ ಹೇಳಿದಂತೆ ಬಿಡಿಸಿ ಹೇಳಿದೆ. ಅವನು ಕೈ ಮುಗಿದು ಹೋದ.

ಯುದ್ಧ ಶುರುವಾಗಿ ಪೆಟ್ರೋಲಿಗೆ ಚೀಟಿ ಬಂತು. ಆ ಗಾಡಿ ಪೆಟ್ರೋಲು ಕುಡಿಯುವ ರೀತಿಗೆ ತಿಂಗಳ ಚೀಟಿ ವಾರಕ್ಕೂ ಸಾಲುತ್ತಿರಲಿಲ್ಲ. ಅದನ್ನು ಮಾರಿ, ಇದ್ದಲಿನ ಗ್ಯಾಸಿನಿಂದ ಓಡುವ ಬೇರೆ ಯಾವುದಾದರೂ ನೋಡಬೇಕೆಂದು ಅಣ್ಣ ಮೊದಲು ಅಂದ. ನೋಡಲಿಲ್ಲ. ಬೆಳಗಾವಿಯ ಕಡೆಯ ಕಂತ್ರಾಟದಾರರೊಬ್ಬರು ಗಾಡಿ ಕೊಳ್ಳಲು ಮನೆಗೆ ಬಂದರು. ಸುತ್ತು ಹಾಕಿ ನೋಡಿ, ಕೊಯ್ದ ಕಮಾನಿನ ಗುರುತಿನ ಮೇಲೆ ಬೆರಳಿಟ್ಟು, "ಇದನ್ಯಾಕ ಕಡಿಸೀರಿ?" ಎಂದು ಕೇಳಿದರು.

"ಹರಿದಿತ್ತು" ಎಂದ ಅಣ್ಣ.

ಅವರು ಗಾಡಿ ಒಯ್ದರು. ಮಧ್ಯಾಹ್ನದ ಬಿಸಿಲು. ಅಂಗಳದಲ್ಲಿ ಗಾಡಿ ನಿಲ್ಲುತ್ತಿದ್ದ ಕಡೆ ಎಣ್ಣೆಯ ಕಲೆ ಇತ್ತು. ನಾನು ಅದಕ್ಕೆ ಬೂದಿ ಹಾಕಿ ಗುಡಿಸುತ್ತಿದ್ದೆ. ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ಅವ್ವ ಒಳಗೆ ಮಲಗಿದ್ದಳು.

"ಇಂಜಿನಿಂದೂ ಅಲ್ಲ, ಗುಂಡೀದೂ ಅಲ್ಲ" ಎಂದ.

ನಾನು ಗುಡಿಸುವುದನ್ನು ನಿಲ್ಲಿಸಿದೆ.

"ಹಳ್ಳದ ದಂಡಿಗೆ ಬಂದಾಗ ಆಕಿ ಬ್ಯಾಡ ಅಂದ್ಲು. ನೀರು ಭಾಳ ಐತಿ, ಸಂಜೀತನಕ ಇಳೀತೈತಿ, ಕೂಡೂಣು ಅಂದ್ಲು. ನನಗ ಧಾರವಾಡಕ್ಕ ಪೇಟಿ ಮುಗಿಯೂದರಾಗ ಹೋಗಬೇಕಿತ್ತು. ಆಕಿ ತವರ್ಮನ್ಯಾಗ ಮೊದಲ ತಡಾ ಮಾಡಿದ್ಲು. ನನಗ ಸಿಟ್ಟು ಬಂದಿತ್ತು. ಹಂಗಾರ ನಾ ಇಲ್ಲೇ ಇಳೀತೀನಿ, ನೀವು ಹೋಗ್ರಿ ಅಂತ ಒಳಗಿಂದ ಕೈ ಹಾಕಿ ಎರಡು ಗುಂಡಿ ಬಿಚ್ಚಿದ್ಲು."

ಅವನು ಇದನ್ನು ಪೇಟೆಯ ಸುದ್ದಿ ಹೇಳುವ ದನಿಯಲ್ಲೇ ಹೇಳುತ್ತಿದ್ದ.

"ನಾ ಇಳಿದೆ. ಮಳ್ಯಾಗ ಸುತ್ತು ಹಾಕಿ ಆ ಮಗ್ಗಲಕ ಹೋದೆ. ಎರಡೂ ಗುಂಡಿ ತಿರುವಿ ಮತ್ತ ಹಾಕಿದೆ. ಬಿಗಿಯಾಗಿ ಹಾಕಿದೆ."

ನಾನು ಕೇಳಿದೆ: "ಆಕಿ ಏನಂದ್ಲು?"

"ಏನೂ ಅನಲಿಲ್ಲ. ಸುಮ್ಮನ ಕೂತ್ಲು."

ಆಮೇಲೆ, "ಅವ್ವಗ ಹೇಳಬೇಕಂದ್ರ ಹೇಳು" ಎಂದ.

ನಾನು ಅವ್ವನಿಗೆ ಹೇಳಲಿಲ್ಲ. ಉಳಿದ ಬೂದಿಯನ್ನು ಗುಡಿಸಿ ತಿಪ್ಪೆಗೆ ಹಾಕಿ, ಕೈ ತೊಳೆದುಕೊಂಡು ಒಳಗೆ ಹೋದೆ. ಆ ದಲಾಲನ ಮುಂದೆ, ಮಾವನ ಮುಂದೆ, ವೈನಿಯ ತಾಯಿಯ ಮುಂದೆ ಕೂಡ ನಾನು ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ವೈನಿಯ ತಾಯಿ ಅಂದು ನನ್ನ ಕೈ ಹಿಡಿದು, "ನೀ ಹೇಳಿದ್ದಕ್ಕ ಮನಸಿಗಿ ಇಷ್ಟು ಸಮಾಧಾನ ಆತವ್ವಾ" ಎಂದಿದ್ದಳು.

ಹದಿನೈದು ದಿನದೊಳಗೆ ಧಾರವಾಡದಲ್ಲಿ, ಶಾಲೆಯ ಹಿಂದೆ, ಒಂದು ಕೋಣೆ ಹಿಡಿದೆ. ಮೋಟಾರು ಹೋಯಿತು, ದಿನಾ ರೈಲಿನಲ್ಲಿ ಓಡಾಡುವುದು ಕಷ್ಟ ಎಂದು ಅವ್ವನಿಗೆ ಹೇಳಿದೆ. ಅವಳು ನಂಬಿದಳು. ಅಣ್ಣ ನನ್ನ ಟ್ರಂಕನ್ನು ತಾನೇ ಹೊತ್ತು ಸ್ಟೇಶನ್ನಿಗೆ ತಂದ, ಡಬ್ಬಿಯೊಳಗೆ ಇಟ್ಟ. ಏಕೆ ಹೋಗುತ್ತೀ ಎಂದು ಕೇಳಲಿಲ್ಲ. ಗಾಡಿ ಹೊರಡುವ ತನಕ ಕಿಟಕಿಯ ಹತ್ತಿರ ನಿಂತಿದ್ದ.

ಅಲ್ಲಿಂದ ಮುಂದೆ ಪ್ರತಿ ರವಿವಾರ ಬರುತ್ತಿದ್ದ. ಅವ್ವ ಕೊಟ್ಟ ರೊಟ್ಟಿ, ಚಟ್ನಿಪುಡಿ ತಂದು ಕೊಟ್ಟು, ಒಂದು ತಾಸು ಕೂತು, ಚಹ ಕುಡಿದು ಹೋಗುತ್ತಿದ್ದ. ಹತ್ತಿಯ ಧಾರಣೆ, ಶಾಲೆಯ ಇನ್‌ಸ್ಪೆಕ್ಷನ್, ಯುದ್ಧದ ಸುದ್ದಿ, ಇವನ್ನೇ ಮಾತಾಡುತ್ತಿದ್ದೆವು. ಎಷ್ಟೋ ಸಲ ಅವನು ಹೋದ ಮೇಲೆ ಒಳ್ಳೆಯ ಮಾತೊಂದು ಆಡಬೇಕಿತ್ತು ಅನಿಸಿದೆ. ಮುಂದಿನ ರವಿವಾರ ಅವನು ಎದುರಿಗೆ ಕೂತಾಗ ಬಾಯಿಗೆ ಬರುತ್ತಿರಲಿಲ್ಲ. ನನ್ನ ಕೈಗೆ ಪಾಟಿ ಕೊಟ್ಟವನು ಅವನೇ ಎಂಬುದನ್ನು ನಾನು ಮರೆತಿರಲಿಲ್ಲ. ಹೇಳಿ ಕೊಡಿಸಿದವಳು ಯಾರು ಎಂಬುದೂ ಜೊತೆಗೇ ನೆನಪಾಗುತ್ತಿತ್ತು.

ಯುದ್ಧ ಮುಗಿದ ಮರುವರ್ಷ ಅವ್ವ ತೀರಿಕೊಂಡಳು. ಮುಂದೆ ಎರಡು ವರ್ಷಕ್ಕೆ ಅಣ್ಣ. ಪೇಟೆಯಲ್ಲಿ ಹತ್ತಿಯ ಅಂಡಿಗೆಗೆ ಒರಗಿ ಕೂತವನು ಏಳಲಿಲ್ಲವಂತೆ. ಶಾಲೆಗೆ ತಂತಿ ಬಂತು. ನಾನು ಮಧ್ಯಾಹ್ನದ ರೈಲಿಗೆ ಹೋದೆ. ಮನೆಯ ಮುಂದೆ ಜನ ಸೇರಿದ್ದರು. ಸಮಾಧಿ ತೋಡುವವರು ಹೊಲಕ್ಕೆ ಹೋಗುವ ಮೊದಲು ಸೋದರಮಾವ ನನ್ನ ಹತ್ತಿರ ಬಂದರು. ಕೇಳಲು ಮನೆಯಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

"ಹೆಂಡ್ತಿ ಮಗ್ಗಲಕ ಜಾಗಾ ಐತಿ. ಅಲ್ಲೇ ತೋಡಸಲೇನು?"

ನಾನು ಅಣ್ಣನ ಮುಖ ನೋಡಿದೆ. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದ್ದರು. ಬಲಗೈಯ ಆ ಮೂರು ಬೆರಳುಗಳಲ್ಲಿ ಉಗುರು ಸೊಟ್ಟಗೆ ಬೆಳೆದಿದ್ದವು.

"ಬ್ಯಾಡ್ರಿ ಮಾಮಾ" ಎಂದೆ. "ಅವ್ವನ ಮಗ್ಗಲಕ ತೋಡಸ್ರಿ."

ಮಾವ ಹೊರಗೆ ಹೋಗಿ ಗುದ್ದಲಿ ಹಿಡಿದು ನಿಂತವರಿಗೆ ಜಾಗ ಹೇಳಿದರು.